65 ವಾಟಿಗೆ ಜಲಾಭಿಷೇಕ

ಬೆಂಗಳೂರಿನ ಎಸ್.ಪಿ. ರೋಡಿಗೆ ಕಂಪ್ಯೂಟರ್ ಕಟ್ಟಿಸಲು ಬರುವವರ ವರಸೆಯೇ ಬೇರೆ. ರ‍್ಯಾಮಿಗೆ ಇನ್ನೂರು ಬಿಡಿ, ಕೀಬೋರ್ಡಿಗೆ ಐವತ್ತು ಬಿಡಿ ಎಂದು ಅರ್ಧ ದಿನ ಚೌಕಾಸಿ ಮಾಡುವ ಮಹಾನುಭಾವರು ಕೂಲರಿನ ಮುಂದೆ ನಿಂತರೆ ದಾನಶೂರ ಕರ್ಣರಾಗುತ್ತಾರೆ. ಮಾಡುವ ಕೆಲಸವೋ, ಜಿಎಸ್‌ಟಿ ಲೆಕ್ಕ, ಮಕ್ಕಳ ಪಾಠ, ರಾತ್ರಿ ಕದ್ದುಮುಚ್ಚಿ ಒಂದಿಷ್ಟು ಗೇಮು. ಅದಕ್ಕೆ ಮೂರು ಫ್ಯಾನಿನ, ಬಣ್ಣಬಣ್ಣದ ದೀಪದ ಲಿಕ್ವಿಡ್ ಕೂಲರ್! ಬೆಲೆಯಲ್ಲಿ ಪ್ರೊಸೆಸರಿಗೇ ಪೈಪೋಟಿ.

"ಭಾವಾ, ನಮ್ಮ ಕಲಬುರ್ಗಿ ಬಿಸಲ ನಿಮಗೇನ್ ಗೊತ್ತದ?" ಅಂತಾನೆ ಅಂಥದೇ ಕೂಲರ್ ಬೇಕೆಂದು ಹಟ ಹಿಡಿದ ನನ್ನ ಭಾವಮೈದುನ. ಗೊತ್ತಪ್ಪ. ಕೋಣೆಯಲ್ಲಿ 40 ಡಿಗ್ರಿ ಇದ್ದರೆ ನಿನ್ನ ನೀರೂ ಆ 40ರ ಗಾಳಿಗೇ ಮೈಯೊಡ್ಡಬೇಕು. ಚಿಪ್ಪಿನ ಕಾವನ್ನು ರೇಡಿಯೇಟರಿಗೆ ಹೊತ್ತು ಹಾಕುವುದಷ್ಟೇ ಅದರ ಕೆಲಸ. ಕೋಣೆಗಿಂತ ತಣ್ಣಗೆ ಮಾಡಲು ಅದೇನು ಫ್ರಿಜ್ಜೇ?

ಅವನು ಆರಿಸಿದ ಪ್ರೊಸೆಸರ್ ರೈಜೆನ್ 5 5600. ಟಿಡಿಪಿ, ಅಂದರೆ ಕೂಲರ್ ಹೊತ್ತು ಹಾಕಬೇಕಾದ ಕಾವಿನ ಲೆಕ್ಕ, 65 ವಾಟ್. 90 ಡಿಗ್ರಿವರೆಗೆ ತಾಳಿಕೊಳ್ಳಲೆಂದೇ ಹುಟ್ಟಿದ ಜೀವ. ಮಿತಿ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಡಬ್ಬಿಯಲ್ಲೇ ರೈತ್ ಸ್ಟೆಲ್ತ್ ಎಂಬ ಕೂಲರ್, ಬುಡಕ್ಕೆ ಪೇಸ್ಟ್ ಹಚ್ಚಿಸಿಕೊಂಡೇ, ಪುಕ್ಕಟೆ ಬರುತ್ತದೆ. (ಡಬ್ಬಿಯಿಲ್ಲದ ಟ್ರೇ ಮಾಲು ಕೊಂಡರೆ ಬರುವುದಿಲ್ಲ, ಜೋಕೆ.) ಪುಕ್ಕಟೆ ಬಂದದ್ದಕ್ಕೆ ನಮ್ಮಲ್ಲಿ ಎಲ್ಲಿಯ ಮರ್ಯಾದೆ! ಅದರ ಕೊರತೆ ಎಂದರೆ ಸದ್ದು. ಲೋಡ್ ಬಿದ್ದಾಗ ಗುರ್ರೆನ್ನುತ್ತದೆ. ಮಿಕ್ಸಿ, ಟಿವಿ, ಭಾವಮೈದುನ ಮೂರೂ ಇರುವ ಮನೆಯಲ್ಲಿ ಅದು ಯಾರ ಕಿವಿಗೆ ಬೀಳಬೇಕು?

ಬಿದ್ದೇ ಬೀಳುತ್ತದೆ ಎನ್ನುವ ಸೂಕ್ಷ್ಮ ಕಿವಿಯವರಿಗೆ ಡೀಪ್‌ಕೂಲ್ ಎಜಿ400 ಥರದ ಟವರ್ ಕೂಲರ್ ಉಂಟು. ಅದರ 120 ಮಿ.ಮೀ. ಫ್ಯಾನು ನಿಧಾನ ತಿರುಗಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ. ಅದರ ಹೀಟ್‌ಪೈಪಿನೊಳಗೂ ಒಂದು ಚೂರು ದ್ರವ ಇರುತ್ತದೆ ಸ್ವಾಮಿ: ಬುಡದಲ್ಲಿ ಕಾದು ಆವಿಯಾಗಿ, ರೆಕ್ಕೆಗಳ ಹತ್ತಿರ ತಣಿದು, ಮತ್ತೆ ಬುಡಕ್ಕೇ ಇಳಿಯುತ್ತದೆ. ಪಂಪಿಲ್ಲ, ಸೋರುವ ಭಯವಿಲ್ಲ. ಜಲಾಭಿಷೇಕ ಇಷ್ಟರಲ್ಲೇ ಮುಗಿಯಿತಲ್ಲ! ಎತ್ತರ ಮಾತ್ರ 150 ಮಿ.ಮೀ.; ಕ್ಯಾಬಿನೆಟ್ಟಿನ ಅಳತೆ ನೋಡದೆ ತಂದರೆ ಪಕ್ಕದ ಬಾಗಿಲು ಮುಚ್ಚುವುದಿಲ್ಲ. ಬುಡದಲ್ಲಿ ಪ್ಲಾಸ್ಟಿಕ್ ಹಾಳೆ ಇದ್ದರೆ ಕೀಳಿ. ಕೀಳದೆ ಕೂರಿಸಿ, "ಯಾಕೋ ಕಾಯ್ತದಲ್ಲ" ಎನ್ನುವ ಪುಣ್ಯಾತ್ಮರೂ ಇದ್ದಾರೆ.

ಉಳಿದ ದುಡ್ಡಿಗೆ ದೊಡ್ಡ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ. ಇಲ್ಲ, ಬಣ್ಣದ ದೀಪ ಬೇಕೇ ಬೇಕೆಂದರೆ, ಗಣೇಶನ ಹಬ್ಬಕ್ಕೆ ತಂದ ಸೀರಿಯಲ್ ಸೆಟ್ ಅಟ್ಟದ ಮೇಲಿರುತ್ತದೆ ನೋಡಿ. ಕ್ಯಾಬಿನೆಟ್ಟಿಗೆ ಸುತ್ತಿ.