ಉಂಗುರದಲ್ಲಿ ತೂರುವ ಶಾಲು

ನಮ್ಮ ಸಮೇತನಹಳ್ಳಿಯ ಚಳಿ ಎಂದರೆ ಬೆಳಗ್ಗೆ ಒಂಬತ್ತರವರೆಗೆ ಸ್ವೆಟರು, ಹನ್ನೆರಡಕ್ಕೆ ಫ್ಯಾನು. ಇಷ್ಟು ಚಳಿಗೆ ನಾನು ಅಷ್ಟುದ್ದ ಶಾಲು ಹೆಣೆಯೋದು ಯಾಕೆ ಎಂಬುದು ಪಕ್ಕದ ಮನೆ ಅಕ್ಕನ ತಕರಾರು. ಕೇಳಿ ಒಳಗೆ ಹೋಗುವವರಲ್ಲ. ಕಾಂಪೌಂಡ್ ಗೋಡೆಗೆ ಮೊಣಕೈ ಊರಿದರೆ ಕುಕ್ಕರ್ ಕೂಗಿ ಕರೆಯಬೇಕು.

"ಅದ್ಯಾತರ ದಾರನಮ್ಮ? ಉಲ್ಲನ್ ಅಂದ್ರೆ ಹಿಂಗೆ ಮಿಂಚಲ್ಲ."

"ಅರ್ಧ ಮೆರಿನೋ ಕುರಿ ಉಣ್ಣೆ, ಅರ್ಧ ರೇಷ್ಮೆ ಅಕ್ಕ."

"ನಮ್ ರೇಷ್ಮೆಗೆ ಏನ್ ಕಮ್ಮಿಯಾಯ್ತು, ಕುರಿ ಜೊತೆ ಸಂಬಂಧ ಬೆಳೆಸೋಕೆ?"

ಕಮ್ಮಿ ಇರೋದು ಒಂದೇ. ಬರೀ ರೇಷ್ಮೆಯಲ್ಲಿ ಹೆಣೆದರೆ ಶಾಲು ತನ್ನ ಭಾರಕ್ಕೇ ಜೋಲುತ್ತದೆ, ಎಳೆದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಉಣ್ಣೆಯ ಎಳೆ ಹುಟ್ಟಾ ಗುಂಗುರು; ಎಳೆದಷ್ಟು ಹಿಗ್ಗಿ, ಬಿಟ್ಟರೆ ಕುಗ್ಗುತ್ತದೆ. ಬೆಚ್ಚಗೂ ಅದೇ ಇಡೋದು. ಹೊಳಪು ರೇಷ್ಮೆಯದು.

ಅಕ್ಕನಿಗೆ ಈ ಪಾಠ ಅಷ್ಟಾಗಿ ಹಿಡಿಸಲಿಲ್ಲ. ಒಂದು ಕಾಲಕ್ಕೆ ಮನೆ ತುಂಬ ರೇಷ್ಮೆ ಹುಳ ಸಾಕಿದವರು. ನಾಲ್ಕನೇ ಜ್ವರ ಎದ್ದ, ಅಂದರೆ ಪೊರೆ ಕಳಚಿದ, ಹುಳಕ್ಕೆ ರಾತ್ರಿಯೆಲ್ಲ ಸೊಪ್ಪು ಹಾಕಿದ್ದು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಿದ್ದು, ಗೂಡು ಬಿಡಿಸಿ ವಿಜಯಪುರದ ಮಾರುಕಟ್ಟೆಗೆ ಕಳಿಸಿದ್ದು ಎಲ್ಲ ಹೊರಬಂತು. ಒಳ್ಳೆ ದ್ವಿತಳಿ ಗೂಡಾದರೆ ಒಂದರಲ್ಲೇ ಸುಮಾರು ಒಂದು ಕಿಲೋಮೀಟರ್ ಎಳೆ ಬಿಚ್ಚಬಹುದು ಎಂದೆ. "ಅಳೆದವರು ಯಾರು? ನಾವು ತೂಕಕ್ಕೆ ಮಾರ್ತಿದ್ವಿ ಅಷ್ಟೇ" ಎಂದರು.

ಮಾತು ರಷ್ಯಾಕ್ಕೆ ಹಾರಿತು. ಒರೆನ್‌ಬರ್ಗ್ ಎಂಬಲ್ಲಿ ಮೇಕೆಯ ಒಳತುಪ್ಪಳ ನೂತು, ಅದಕ್ಕೆ ರೇಷ್ಮೆ ಎಳೆ ಸೇರಿಸಿ ಹುರಿ ಹಾಕಿ ಶಾಲು ಹೆಣೆಯುತ್ತಾರೆ. ಇಡೀ ಶಾಲು ಉಂಗುರದೊಳಗೆ ತೂರಿ ಆಚೆ ಬರುತ್ತದೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪದವರು ಬರೀ ಕುರಿ ಉಣ್ಣೆಯಲ್ಲೇ ಅಂಥದ್ದು ಹೆಣೆದು ಹೆಸರಾದವರು.

"ಯಾರ ಉಂಗುರ? ನಿಂದೋ, ನಂದೋ?" ಎಂದು ತಮ್ಮ ದಪ್ಪ ಬೆರಳು ತೋರಿಸಿದರು. "2024ರಲ್ಲಿ ನಮ್ಮೂರ ಸೌಖ್ಯ ಚಿಕಿತ್ಸಾ ಕೇಂದ್ರಕ್ಕೆ ಬಂದಿದ್ರಲ್ಲ ಬ್ರಿಟನ್ನಿನ ಚಾರ್ಲ್ಸ್ ದೊರೆ, ಅವರ ಕಡೇದಾ ಆ ದ್ವೀಪ? ಅಂಥ ಶಾಲು ತಂದಿದ್ರಾ?"

"ನನ್ನನ್ನೇನು ಕರೆದು ತೋರಿಸಿದ್ರಾ ಅಕ್ಕ!"

ನನ್ನ ಶಾಲಿನ ಲೇಸಿನ ಅಂಚು ನೋಡಲು ಕಷ್ಟ ಅನ್ನಿಸಿದರೂ ಲೆಕ್ಕ ಸುಲಭ. ಕಡ್ಡಿಗೆ ದಾರ ಒಂದು ಸುತ್ತು ಹಾಕಿದರೆ ಅಲ್ಲೊಂದು ತೂತು, ಒಂದು ಕುಣಿಕೆ ಹೆಚ್ಚು. ಪಕ್ಕದಲ್ಲೇ ಎರಡು ಕುಣಿಕೆ ಸೇರಿಸಿ ಒಂದು ಮಾಡಿದರೆ ಲೆಕ್ಕ ಸರಿಹೋಯಿತು. ಕಡ್ಡಿಯಿಂದ ಇಳಿದಾಗ ಮಾತ್ರ ಶಾಲು ಹಿಂಡಿದ ಮಸಿಬಟ್ಟೆಯಂತಿರುತ್ತದೆ. ನೀರಲ್ಲಿ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ಚಾಪೆ ಮೇಲೆ ಎಳೆದು ಸುತ್ತ ಗುಂಡುಪಿನ್ನು ಚುಚ್ಚಿ ಒಣಗಿಸಬೇಕು. ಆಗ ಎಲೆ, ಬಳ್ಳಿ ಎಲ್ಲ ಬಿಚ್ಚಿಕೊಳ್ಳುತ್ತವೆ.

ಅಕ್ಕ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇನ್ ಮಹಾ, ಸೀರೆ ಕುಚ್ಚಿನ ಕಮಾನು ಇದೇ ತಾನೇ?" ಎಂದು ಒಳಗೆ ಹೋಗಿ ಕ್ರೋಶಾ ಕಡ್ಡಿ ತಂದರು. ನನ್ನದೇ ದಾರದ ತುಂಡಿನಲ್ಲಿ ಮಾತಾಡುತ್ತಲೇ ಸರಪಳಿ ಎಳೆದು, ಬಾಗಿಸಿ, ಸಾಲಾಗಿ ಕಮಾನು ಹಾಕಿಬಿಟ್ಟರು. ಪುಸ್ತಕ ಬೇಡ, ಎಣಿಕೆಯೂ ಬಾಯಲ್ಲಿಲ್ಲ. ಹುಳ ಬಿಟ್ಟ ಮೇಲೆ ಹಿಡಿದ ಕೆಲಸವಂತೆ. ಅಂಗಡಿಯವರು ಸೀರೆಗಳನ್ನು ಗಂಟು ಕಟ್ಟಿ ತಂದು ಕೊಡುತ್ತಾರೆ, ಗಿರಾಕಿಯಿಂದ ತೆಗೆದುಕೊಳ್ಳುವುದರಲ್ಲಿ ಇವರಿಗೆ ಬರುವುದು ಸ್ವಲ್ಪವೇ.

ಪರದೇಶದ ಲೇಸು ಎಂದರೆ ಬೆಲೆ ಕೇಳದೆ ಬೆರಗಾಗುವ ನಾವು, ನಮ್ಮೂರ ಕುಚ್ಚಿನ ಎದುರು ಐವತ್ತು ರೂಪಾಯಿಗೆ ಜಗಳಕ್ಕೆ ನಿಲ್ಲುತ್ತೇವೆ. ಮುಂದಿನ ಸಲ ಸೀರೆಯನ್ನು ಕುಚ್ಚಿಗೆ ಕೊಡುವಾಗ, ಚೌಕಾಸಿಗೆ ಮೊದಲು ಗೇಣುದ್ದ ಅಂಚನ್ನು ನೀವೇ ಹಾಕಿ ನೋಡಿ. ಆಮೇಲೆ ಬಾಯಿಬಿಡಿ.