ಆಶ್ರಯ ಕೋರುವ ವಿಧಾನ: ಬಳಕೆದಾರರ ಕೈಪಿಡಿ (ಚಾಮರಾಜನಗರ ಜಿಲ್ಲೆಗೆ)

ಮೊದಲು ಪೆಟ್ಟಿಗೆ ಬಿಚ್ಚಿ. ಒಳಗೆ ಅರ್ಜಿ ನಮೂನೆ ಕಾಣದಿದ್ದರೆ ಗಾಬರಿ ಬೇಡ. ಅದು ದೋಷವಲ್ಲ, ಮಾಲು ತಯಾರಾಗಿರುವುದೇ ಹಾಗೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಕಾನೂನನ್ನೂ ಮಾಡಿಲ್ಲ. ನೀವು ಜೀವ ಉಳಿಸಿಕೊಳ್ಳಲು ಓಡಿ ಬಂದವರೋ, ಊಟಿಯ ದಾರಿಯಲ್ಲಿ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲದಲ್ಲಿ ಫೋಟೋಗೆಂದು ಇಳಿದವರೋ, ಕಾನೂನಿಗೆ ಇಬ್ಬರೂ ‘ವಿದೇಶೀಯರು’. ವೀಸಾ ಇದ್ದವನು ಪ್ರವಾಸಿ, ಇಲ್ಲದವನು ಆರೋಪಿ.

ಹಂತ 1. ಕಚೇರಿ ಹುಡುಕಿ. ಜಿಲ್ಲೆಯಲ್ಲಿ ವಿದೇಶೀಯರ ನೋಂದಣಾಧಿಕಾರಿ ಎಂದರೆ ಪೊಲೀಸ್ ವರಿಷ್ಠಾಧಿಕಾರಿಯೇ. ಅಲ್ಲಿ ‘ಆಶ್ರಯ ಬೇಕು’ ಎನ್ನಬೇಡಿ; ಆಶ್ರಯ ಮನೆಗೆ ಪಂಚಾಯ್ತಿಗೆ ಹೋಗಿ ಎಂದಾರು.

ಹಂತ 2. ಮಾದರಿ ನೋಡಿಕೊಳ್ಳಿ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಟಿಬೆಟನ್ನರು 1970ರ ದಶಕದಿಂದ ಜೋಳ ಬೆಳೆಯುತ್ತಿದ್ದಾರೆ, ಮಠ ಕಟ್ಟಿದ್ದಾರೆ. ಅವರನ್ನು ಇಲ್ಲಿ ಕೂರಿಸಿದ್ದು ಯಾವ ಸೆಕ್ಷನ್ನೂ ಅಲ್ಲ, ಸರ್ಕಾರದ ಮನಸ್ಸು. ಅವರ ಕೈಯಲ್ಲಿರುವುದು ಆಗಾಗ ನವೀಕರಿಸಬೇಕಾದ ಆರ್‌ಸಿ, ಅಂದರೆ ನೋಂದಣಿ ಪ್ರಮಾಣಪತ್ರ. ಗಾಡಿಯ ಆರ್‌ಸಿ ಅಲ್ಲ, ಮನುಷ್ಯರದು.

ಹಂತ 3. ನಿರಾಕರಣೆಯ ಆದೇಶ ಪಡೆಯಿರಿ. ಇದೇ ಕಷ್ಟದ ಭಾಗ. ಬೇರೆ ಕೆಲವು ದೇಶಗಳಲ್ಲಿ ಅರ್ಜಿ ತಿರಸ್ಕರಿಸಿ, ಕಾರಣ ಬರೆದು ಕೈಗೆ ಕೊಡುತ್ತಾರೆ. ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದು. ಇಲ್ಲಿ ಅರ್ಜಿಯೇ ಇಲ್ಲದ ಮೇಲೆ ತಿರಸ್ಕಾರ ಎಲ್ಲಿಂದ ಬರಬೇಕು? ಮೇಲ್ಮನವಿ ಬರೆಯುವುದೆಂದರೆ ಹುಟ್ಟದ ಕೂಸಿಗೆ ಕುಲಾವಿ ಹೊಲಿದಂತೆ. ಗಡೀಪಾರಿನ ನೋಟಿಸು ಬರುವವರೆಗೆ ಕಾಯಿರಿ.

ಹಂತ 4. ನೋಟಿಸು ಬಂದ ದಿನವೇ ಬೆಂಗಳೂರಿನ ಬಸ್ಸು ಹತ್ತಿ, ಹೈಕೋರ್ಟಿನಲ್ಲಿ 226ನೇ ವಿಧಿಯಡಿ ರಿಟ್ ಹಾಕಿ. ಹಿಡಿದುಕೊಳ್ಳಲು ಸಿಗುವ ಮುಖ್ಯ ಹಗ್ಗ, ಸಂವಿಧಾನದ 21ನೇ ವಿಧಿ. ಅದು ‘ನಾಗರಿಕ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ. ಚಕ್ಮಾ ಜನರ ಜೀವ ಕಾಪಾಡಿ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಅರುಣಾಚಲ ಸರ್ಕಾರಕ್ಕೆ ಹೇಳಿದ್ದು ಇದೇ ಹಗ್ಗ ಹಿಡಿದು. ಕೊಲ್ಲಲು ಕಾದಿರುವ ಊರಿಗೆ ಯಾರನ್ನೂ ಮರಳಿ ತಳ್ಳಬಾರದು ಎಂಬ ‘ನಾನ್-ರಿಫೌಲ್‌ಮೆಂಟ್’ ನೀತಿಗೆ 1998ರಲ್ಲಿ ಗುಜರಾತ್ ಹೈಕೋರ್ಟ್ ಇದೇ ವಿಧಿಯೊಳಗೆ ಜಾಗ ಕೊಟ್ಟಿತು. ನಿಮ್ಮ ವಕೀಲರು ಇದನ್ನು ಓದಿ ಕೂರುವಷ್ಟರಲ್ಲಿ ಸರ್ಕಾರಿ ವಕೀಲರು ಏಳುತ್ತಾರೆ: ವಿದೇಶೀಯರನ್ನು ಹೊರಹಾಕುವ ಅಧಿಕಾರಕ್ಕೆ ಮಿತಿಯಿಲ್ಲ ಎಂದ 1955ರ ಹಾನ್ಸ್ ಮುಲ್ಲರ್ ತೀರ್ಪು, ಗಡೀಪಾರಾಗದಿರುವ ಹಕ್ಕು ನಾಗರಿಕರಿಗಷ್ಟೇ ಎಂದು ರೊಹಿಂಗ್ಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ 2021ರ ಆದೇಶ. ವಿಧಿವತ್ತಾಗಿ ಕಳಿಸಿ, ಅಷ್ಟೇ ಎಂದಿತು ಆ ಆದೇಶ. ಹಗ್ಗ ಗಟ್ಟಿಯೋ ಇಲ್ಲವೋ ಎಂಬುದು ನೀವು ಜೋತುಬಿದ್ದ ಮೇಲೆ ಗೊತ್ತಾಗುತ್ತದೆ.

ಉಪಾಯ: ಬಂಡೀಪುರ, ಮುದುಮಲೆ, ವಯನಾಡುಗಳ ನಡುವೆ ಆನೆ ಕಾಗದವಿಲ್ಲದೆ ಓಡಾಡುತ್ತದೆ. ಕಾಡುಪ್ರಾಣಿಗಳಿಗೆಂದು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿಯನ್ನೇ ಮುಚ್ಚಿದ್ದೇವೆ. ಹೈಕೋರ್ಟೂ 2010ರಲ್ಲಿ ಸರಿ ಎಂದಿದೆ. ಆನೆಯ ಹೆಸರಲ್ಲಿ ಅರ್ಜಿ ಹಾಕಲು ಬರುತ್ತದೆಯೇ, ವಕೀಲರನ್ನು ಕೇಳಿ.

ಖಾತರಿ: 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು, ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಪ್ಪಿದೆ. ಅಪ್ಪ ಅಮ್ಮ ಇಬ್ಬರೂ ಟಿಬೆಟಿನಲ್ಲಿ ಹುಟ್ಟಿ ಬಂದವರಾಗಿದ್ದರೆ, ಆ ಜೂನ್‌ನಲ್ಲಿ ಒಡೆಯರಪಾಳ್ಯದಲ್ಲಿ ಹುಟ್ಟಿದ ಅಣ್ಣನಿಗೆ ಪಾಸ್‌ಪೋರ್ಟು, ಮರುವರ್ಷ ಅದೇ ಮನೆಯಲ್ಲಿ ಹುಟ್ಟಿದ ತಂಗಿಗೆ ಆರ್‌ಸಿ.