ಅಯ್ಯೋ, ಇಷ್ಟು ಬೇಗ ಹೊರಟ್ರಾ?

ವ್ಯಾಕರಣದ ಮೇಷ್ಟರು ಹೇಳಿಕೊಟ್ಟದ್ದು ಹೀಗೆ: ಮನಸ್ಸಿನಲ್ಲಿ ಹುಟ್ಟಿದ ಸಂತೋಷ, ದುಃಖ, ಆಶ್ಚರ್ಯ, ಜುಗುಪ್ಸೆಗಳನ್ನು ಹೊರಗೆಡಹುವ ಅಯ್ಯೋ, ಅಬ್ಬಾ, ಆಹಾ, ಛೀ, ಥೂ ಮುಂತಾದವು ಭಾವಸೂಚಕಾವ್ಯಯಗಳು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಒಂದು ಅಂಕ. ಅಂಕದ ಆಸೆಗೆ ಇಡೀ ತರಗತಿ ಬರೆಯಿತು. ಬರೆದವರಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಬೇಕಿತ್ತು: ಸಾರ್, ಇವು ಮನಸ್ಸಿನಲ್ಲಿ ಹುಟ್ಟುತ್ತವೆ ಅಂತ ಯಾರು ಹೇಳಿದ್ದು?

ಮನಸ್ಸಿಗೂ ಇವಕ್ಕೂ ಇರುವ ನಂಟು ಅಷ್ಟಕ್ಕಷ್ಟೇ ಅಂತ ನನ್ನ ಗುಮಾನಿ. ಇವು ಹೊರಡುವುದು ಎದುರಿಗಿದ್ದವರ ಕಿವಿಗಾಗಿ. ಪುರಾವೆ ಬೇಕೆ? ಮನೆಯಲ್ಲಿ ಯಾರೂ ಇಲ್ಲದಾಗ ಹೊಸ್ತಿಲು ಎಡವಿ ನೋಡಿ. ಹಲ್ಲು ಕಚ್ಚಿ 'ಸ್ಸ್' ಅಂತೀರಿ, ಬೆರಳು ಹಿಡಿದುಕೊಂಡು ಒಂಟಿಗಾಲಲ್ಲಿ ಒಂದು ಸುತ್ತು ಕುಣಿಯುತ್ತೀರಿ, ಅಲ್ಲಿಗೆ ಮುಗಿಯಿತು. ಅದೇ ಹೊಸ್ತಿಲು, ಅದೇ ಬೆರಳು, ಆದರೆ ಅಡುಗೆಮನೆಯಲ್ಲಿ ಯಾರೋ ಇದ್ದಾರೆ ಅನ್ನಿ. 'ಅಯ್ಯಯ್ಯೋ ಅಮ್ಮಾ!' ಎಂಬ ಕೂಗು ಅಡುಗೆಮನೆಯನ್ನೂ ದಾಟಿ ಹಿತ್ತಲು ಮುಟ್ಟುತ್ತದೆ. ಒಳಗಿನಿಂದ 'ಏನಾಯ್ತೂ?' ಅಂತ ಉತ್ತರ ಬರಲಿಲ್ಲವೋ, ಇನ್ನೊಂದು ಸಲ, ಸ್ವಲ್ಪ ಏರಿಸಿ. ಮಕ್ಕಳಿಗಂತೂ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ. ಬಿದ್ದ ಮಗು ಮೊದಲು ಸುತ್ತ ನೋಡುತ್ತದೆ. ಯಾರಾದರೂ ಕಂಡರಷ್ಟೇ ರಾಗ ತೆಗೆಯುತ್ತದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1978ರಲ್ಲಿ ಇದನ್ನೇ ಒಂದು ದೊಡ್ಡ ಪ್ರಬಂಧವಾಗಿ ಬರೆದ. ಕೈಜಾರಿ ಏನಾದರೂ ಬಿದ್ದಾಗ ಅವನ ಕಡೆಯವರು 'ಊಪ್ಸ್' ಅನ್ನುತ್ತಾರಲ್ಲ, ಅದು ದಿಗಿಲು ತೋಡಿಕೊಳ್ಳುವುದಕ್ಕಲ್ಲ. 'ಎಡವಟ್ಟಾದದ್ದು ನನಗೂ ಗೊತ್ತು, ನಾನು ಅಷ್ಟೊಂದು ದಡ್ಡನಲ್ಲ' ಅಂತ ಅಕ್ಕಪಕ್ಕದವರಿಗೆ ತಿಳಿಸುವುದಕ್ಕೆ ಅನ್ನುವುದು ಅವನ ವಾದದ ಸಾರ. ಇಷ್ಟಕ್ಕೆ ಅಷ್ಟು ಪುಟ ಬೇಕಿತ್ತೆ? ನಮ್ಮ ಕಡೆಯ ಯಾವ ಅಜ್ಜಿಯನ್ನು ಕೇಳಿದ್ದರೂ 'ಅಯ್ಯ, ಅದೇನ್ ಮಹಾ' ಅಂತ ಎಲೆ ಅಡಿಕೆ ಮೆಲ್ಲುತ್ತಲೇ ಹೇಳಿ ಮುಗಿಸುತ್ತಿದ್ದಳು.

ವ್ಯಾಕರಣದವರಿಗೆ ಇವನ್ನು ಎಲ್ಲಿ ಕೂರಿಸಬೇಕೆಂದು ಎಲ್ಲಿಯೂ ಸರಿಯಾಗಿ ತೋಚಿದ್ದಿಲ್ಲ. ಗ್ರೀಕರು ಕ್ರಿಯಾವಿಶೇಷಣಗಳ ಮನೆಯ ಜಗಲಿಯಲ್ಲಿ ಜಾಗ ಕೊಟ್ಟಿದ್ದರು. ರೋಮಿನವರು ಗ್ರೀಕರಂತೆ ತಮ್ಮಲ್ಲೂ ಎಂಟು ಪದವರ್ಗ ಇರಲೇಬೇಕೆಂದು ಹಟ ಹಿಡಿದರು. ಲ್ಯಾಟಿನ್ ಭಾಷೆಯಲ್ಲಿ ಆರ್ಟಿಕಲ್ ಇಲ್ಲ, ಲೆಕ್ಕ ಏಳಕ್ಕೇ ನಿಂತಿತು. ಕೋರಂ ತುಂಬಿಸಲು ದಾರಿಯಲ್ಲಿ ಹೋಗುವವರನ್ನು ಕರೆದು ಸಭೆಯಲ್ಲಿ ಕೂರಿಸುವ ಹಾಗೆ ಉದ್ಗಾರಗಳನ್ನು ಕರೆದು ಎಂಟನೆಯ ಕುರ್ಚಿ ಕೊಟ್ಟರು. ಅವು ಇವತ್ತಿಗೂ ಎದ್ದಿಲ್ಲ.

ಅದಿರಲಿ, ನಾವು ಕೂಗಿ ಕರೆಯುವುದಾದರೂ ಯಾರನ್ನು? ಅಯ್ಯನನ್ನು, ಅಪ್ಪನನ್ನು, ಅಮ್ಮನನ್ನು, ಅವ್ವನನ್ನು. ಪೆಟ್ಟು ಬಿದ್ದರೆ ಅಮ್ಮಾ, ಮೆಟ್ಟಿಲು ಹತ್ತಿದರೆ ಅಪ್ಪಾ, ಧಾರವಾಡದ ಕಡೆ ಹೋದರೆ ಬಿಸಿಲಿಗೂ ಬಿಲ್ಲಿಗೂ ಯಪ್ಪಾ, ಯವ್ವಾ. ಮದುವೆಯಾಗಿ ನಲವತ್ತು ವರ್ಷ ಕಳೆದ ಗಂಡಸಿಗೂ ಸೊಂಟ ಉಳುಕಿದಾಗ ನೆನಪಾಗುವುದು ಅಮ್ಮನೇ. ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿರುವ ಹೆಂಡತಿಯ ಹೆಸರಲ್ಲಿ ಯಾರೂ ನರಳುವುದಿಲ್ಲ. 'ಅಯ್ಯೋ ಮಾವಾ' ಅಂತ ಕೂಗಿಕೊಂಡ ಅಳಿಯನನ್ನು ಕಂಡವರಿಲ್ಲ. ಅತ್ತೆ ಮಾವಂದಿರು ಉದ್ಗಾರಕ್ಕೆ ಕಾರಣವಾಗಬಲ್ಲರೇ ಹೊರತು ಉದ್ಗಾರವಾಗಲಾರರು.

ತಂದೆತಾಯಿ ಸಾಲದಾದಾಗ ದೇವರು. ಅಲ್ಲೂ ಕೆಲಸದ ಹಂಚಿಕೆ ಕರಾರುವಾಕ್ಕು. ಆಕಳಿಕೆಗೆ ಚಿಟಿಕೆ ಹೊಡೆದು ಕೃಷ್ಣಾ. ಕೇಳಬಾರದ ಸುದ್ದಿ ಕೇಳಿದರೆ ಶಿವ ಶಿವಾ. ನೋಡಬಾರದ್ದು ನೋಡಿದರೆ ರಾಮ ರಾಮಾ. ಅಂದುಕೊಂಡೇ ಇನ್ನೊಂದು ಸಲ ನೋಡುವುದುಂಟು. ಚೀಟಿ ಹಾಕಿದ ಹಣ ಮುಳುಗಿದರೆ ಗೋವಿಂದಾ. ದುಡ್ಡಿನ ಖಾತೆ ಲಕ್ಷ್ಮಿಯದ್ದು, ಲೋಕಕ್ಕೆಲ್ಲ ಗೊತ್ತು. ಆದರೆ ದುಡ್ಡು ಹೋದಾಗ ಅವಳ ಹೆಸರನ್ನು ಯಾರೂ ಎತ್ತುವುದಿಲ್ಲ. ಪಾಪ, ಗಂಡನ ತಲೆಗೆ ಕಟ್ಟುತ್ತೇವೆ.

ಊರು ಬದಲಾದರೆ ಉದ್ಗಾರದ ವರಸೆಯೂ ಬದಲು. ಮಂಗಳೂರು ಕಡೆಯವರು 'ಮಾರಾಯ್ರೇ' ಒಂದರಲ್ಲೇ ಅಚ್ಚರಿ, ಬೇಸರ, ಸಲುಗೆ, ಜಗಳ ಎಲ್ಲವನ್ನೂ ಮುಗಿಸುತ್ತಾರೆ. ಬಸ್ಸು ತಡವಾದರೆ 'ಎಂತ ಸಾವು ಮಾರಾಯ್ರೇ!' ಅನ್ನುತ್ತಾರೆ, ಗಟ್ಟದ ಮೇಲಿನವರು ಗಾಬರಿಯಾಗಿ ಯಾರು, ಯಾವಾಗ ಅಂತ ಕೇಳಬಾರದು. ಮಂಡ್ಯದವರ 'ಅಯ್ಯೋ ಬುಡಿ ಅತ್ಲಾಗೆ' ಇನ್ನೊಂದು ಬಗೆ. ಎಂಥ ದೊಡ್ಡ ತಾಪತ್ರಯವನ್ನೂ ಈ ಮೂರು ಪದಗಳಲ್ಲಿ ಎತ್ತಿ ಬೇಲಿಯಾಚೆ ಎಸೆಯಬಹುದು. ತಾಪತ್ರಯ ತೀರುವುದಿಲ್ಲ, ಆದರೆ ಮಾತು ಮುಂದಕ್ಕೆ ಹೋಗುತ್ತದೆ.

ಇವುಗಳಲ್ಲೆಲ್ಲ ಪಟ್ಟದರಸಿ ಅಂದರೆ ಅಯ್ಯೋ. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಕೂಡ ಅಯ್ಯೋವನ್ನು ಒಳಗೆ ಬಿಟ್ಟುಕೊಂಡು, ದಕ್ಷಿಣ ಭಾರತ, ಶ್ರೀಲಂಕಾ ಕಡೆಯ ದುಃಖ ವಿಷಾದಗಳ ಲೆಕ್ಕಕ್ಕೆ ಬರೆದುಕೊಂಡರು. ದುಃಖವಂತೆ! ಅವರು ಒಂದು ಭಾನುವಾರ ನಮ್ಮ ಬೀದಿಯ ಯಾವುದಾದರೂ ಮನೆಯಲ್ಲಿ ಬಂದು ಕೂತು ನೋಡಬೇಕಿತ್ತು. ಬಾಗಿಲಲ್ಲಿ ನೆಂಟರು ಕಂಡೊಡನೆ 'ಅಯ್ಯೋ, ಬನ್ನಿ ಬನ್ನಿ!' ಇದು ಸ್ವಾಗತ. 'ಕಾಫಿ ಮಾಡ್ಲಾ?' 'ಅಯ್ಯೋ ಬೇಡಪ್ಪಾ, ಈಗ್ತಾನೇ ಕುಡಿದು ಬಂದೆ.' ಇದು ನಿರಾಕರಣೆ. ಹಾಗೆನ್ನುತ್ತಲೇ ನೆಂಟರು ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಭದ್ರವಾಗಿ ಕೂರುವುದರಿಂದ ಇದನ್ನೇ ಒಪ್ಪಿಗೆ ಅಂತಲೂ ತಿಳಿಯತಕ್ಕದ್ದು. 'ಅಯ್ಯೋ, ಅರ್ಧ ಲೋಟ, ಏನಾಗಲ್ಲ!' ಇದು ಒತ್ತಾಯ. ಲೋಟ ಬಂದ ಮೇಲೆ 'ಅಯ್ಯೋ, ಇಷ್ಟೊಂದಾ!' ಇದು ಕೃತಜ್ಞತೆ. ಕೊನೆಗೆ 'ಅಯ್ಯೋ, ಇಷ್ಟು ಬೇಗ ಹೊರಟ್ರಾ?' ಇದು ಎಲ್ಲಕ್ಕಿಂತ ನಾಜೂಕಿನದು, ಹೊತ್ತು ನೋಡಿ ಪ್ರಯೋಗಿಸಬೇಕಾದ್ದು. ನೆಂಟರು ಗಡಿಯಾರ ನೋಡಿದಾಗಲೇ ಅಂದುಬಿಟ್ಟರೆ ಮತ್ತೆ ಕೂತುಬಿಡುವ ಅಪಾಯವಿದೆ. ಕುಂಕುಮ ಕೊಟ್ಟಾಗ ಅಂದರೂ ಪೂರ್ತಿ ಕ್ಷೇಮವಲ್ಲ. ಎರಡನೆಯ ಚಪ್ಪಲಿಗೂ ಕಾಲು ತೂರಿಸಿದ ಮೇಲೆ, ಗೇಟಿನ ಚಿಲಕ ತೆಗೆಯುತ್ತಾ ಅಂದರೆ ಪ್ರೀತಿಯೂ ಉಳಿಯಿತು, ರಾತ್ರಿಯ ಅಡುಗೆಯೂ ಉಳಿಯಿತು.

ಅಯ್ಯೋಗೆ ಪಾಪ ಸೇರಿದರಂತೂ ಅದು ರಸೀದಿಯೇ ಸರಿ. ಸಾಲ ಕೇಳಲು ಬಂದವನ ಕಥೆಗೆ ಹತ್ತು ಕಡೆ 'ಅಯ್ಯೋ ಪಾಪ' ಅಂದವನು ಅಲ್ಲಿಗೆ ತನ್ನ ಪಾಲಿನದನ್ನು ಸಂದಾಯ ಮಾಡಿದ ಹಾಗೆ. ಇನ್ನು ಜೇಬಿಗೆ ಕೈ ಹಾಕುವುದು ಬೇಕಾಗಿಲ್ಲ. ಜೊತೆಗೆ ನಾಲಿಗೆಯಿಂದ 'ಲೊಚ್ ಲೊಚ್' ಹಾಕಿದರೆ ಬಡ್ಡಿಯೂ ಸೇರಿತು.

ಈ ಲೊಚಗುಟ್ಟುವುದನ್ನು ಹಗುರಾಗಿ ಕಾಣಬೇಡಿ. ದಕ್ಷಿಣ ಆಫ್ರಿಕಾದ ಖೋಸಾ ಭಾಷೆಯಲ್ಲಿ ಇದು ಮರ್ಯಾದಸ್ಥ ವ್ಯಂಜನ. ನಮ್ಮ ಕಚಟತಪಗಳ ಹಾಗೆ ಪದದ ಒಳಗೇ ಕೂರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಬಾಯಲ್ಲಿ ಬಿಡುವಿಲ್ಲ. ಅಪಘಾತದ ಸುದ್ದಿಗೂ ಲೊಚ್, ಕಚೇರಿಯಲ್ಲಿ ತೋಡಿಯ ಆಲಾಪನೆಗೂ ಲೊಚ್. ಮುಂದಿನ ಸಾಲಿನ ಹಿರಿಯರು ಕಣ್ಣು ಮುಚ್ಚಿ ಲೊಚಗುಟ್ಟಿದರೆ ಹಾಡುತ್ತಿರುವವರು ಅದನ್ನು ಮೆಚ್ಚುಗೆ ಅಂತಲೇ ತಿಳಿದು ಮುಂದಿನ ಸಂಗತಿಗೆ ಹೋಗುತ್ತಾರೆ. ತಿಳಿಯದೆ ಗತಿಯೂ ಇಲ್ಲ.

ಇನ್ನು ಹ್ಞೂಂ. ಅದನ್ನು ಬರೆಯುವ ರೀತಿ ನೋಡಿ. ಞ ಅಕ್ಷರಕ್ಕೆ ನಮ್ಮಲ್ಲಿ ಸ್ವಂತ ಉದ್ಯೋಗ ಕಡಿಮೆ. ಜ್ಞಾನ, ಯಜ್ಞ, ಆಜ್ಞೆಗಳ ಕಾಲಡಿ ಒತ್ತಕ್ಷರವಾಗಿ ಕೂತು ಹೊಟ್ಟೆ ಹೊರೆಯುತ್ತದೆ. ಅಷ್ಟು ದೊಡ್ಡ ಮನೆತನಗಳಲ್ಲಿ ದುಡಿದ ಅದೇ ಒತ್ತಕ್ಷರವನ್ನು ಪೇಪರು ಓದುತ್ತಿರುವ ಗಂಡಂದಿರ ಹ್ಞೂಂ ಕೆಳಗೂ ಹಾಕಿದ್ದೇವೆ. ಕಥೆ ಹೇಳುವವರ ಮುಂದೆ ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಫೋನಿನಲ್ಲಿ ಹ್ಞೂಂ ತಪ್ಪಿದರೆ 'ಹಲೋ, ಹಲೋ, ಇದ್ದೀರಾ?' ಹಾಗಾಗಿ ಬುದ್ಧಿವಂತ ಗಂಡಸು ಹೊತ್ತು ಹೊತ್ತಿಗೆ ಒಂದು ಹ್ಞೂಂ ಬಿಡುತ್ತಾನೆ. ಅವನಿಗಿಂತ ಬುದ್ಧಿವಂತೆ ಹೆಂಡತಿ ಅದೇ ದನಿಯಲ್ಲಿ 'ನಿಮ್ಮ ಸ್ಕೂಟರ್ ಗುಜರಿಗೆ ಹಾಕಿದೆ' ಅನ್ನುತ್ತಾಳೆ. 'ಹ್ಞೂಂ.' ಒಂದು ಗಳಿಗೆ ಬಿಟ್ಟು, 'ಹಾಂ?'

ಈ 'ಹಾಂ?' ಸಾಮಾನ್ಯದ್ದಲ್ಲ. ಮಾರ್ಕ್ ಡಿಂಗೆಮಾನ್ಸೆ ಎಂಬ ಡಚ್ ಭಾಷಾವಿಜ್ಞಾನಿ ಮತ್ತು ಇಬ್ಬರು ಜೊತೆಗಾರರು 2013ರಲ್ಲಿ ಹಲವು ಭಾಷೆಗಳನ್ನು ಜಾಲಾಡಿ, ಮಾತು ಕೇಳಿಸದಿದ್ದಾಗ ಮನುಷ್ಯರು ಅನ್ನುವ 'ಹಾಂ?' ಎಲ್ಲೆಡೆ ಹೆಚ್ಚು ಕಡಿಮೆ ಒಂದೇ ಥರ ಇದೆ ಎಂದು ತೋರಿಸಿದರು. ಅದಕ್ಕೆ 2015ರಲ್ಲಿ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ. ದೇಶ ಯಾವುದಾದರೇನು, ಪಕ್ಕದವರ ಮಾತಿಗೆ ಕಿವಿಗೊಡದವರು ಎಲ್ಲ ಕಡೆಯೂ ಇದ್ದಾರೆ ಅಂತ ನಾನು ಅರ್ಥ ಮಾಡಿಕೊಂಡೆ.

ಒಂದು ವಿಚಿತ್ರ ಗಮನಿಸಿ. ಅಳುವುದಕ್ಕೆ ನಮಗೆ ಮನೆಯ ಸರಕೇ ಸಾಕು. ಹೊಗಳುವುದಕ್ಕೆ ಮಾತ್ರ ಹೊರಗಿನಿಂದ ತರಬೇಕಾಗಿ ಬಂದಿದೆ. ಕುಮಾರವ್ಯಾಸನ ರಣರಂಗದಲ್ಲಿ ಎದುರಾಳಿಯ ಬಿಲ್ಗಾರಿಕೆಗೂ 'ಭಾಪುರೆ', 'ಮಝ', 'ಪೂತುರೆ' ಅಂತ ಬಾಯಿ ತುಂಬ ಮೆಚ್ಚುವವರಿದ್ದರು. ಈಗ ಪಕ್ಕದ ಮನೆ ಹುಡುಗಿಗೆ ರ‍್ಯಾಂಕ್ ಬಂದಾಗ 'ಪೂತುರೆ' ಅನ್ನಿ ನೋಡೋಣ. ಬೈದರು ಅಂದುಕೊಂಡು ಅವರ ಮನೆಯವರು ಮಾತು ಬಿಡುತ್ತಾರೆ. ಆ ದಾಸ್ತಾನು ಖಾಲಿಯಾದ ಮೇಲೆ ಪರ್ಷಿಯನ್ನಿನಿಂದ ಶಹಬ್ಬಾಸ್ ಬಂತು. ಮೂಲದಲ್ಲಿ ಖುಷಿಯಾಗಿರು ಅಂತ ಹರಸುವ ಮಾತು. ಈಗಿನ ಹುಡುಗರ 'ಸಖತ್' ಕೂಡ ಅಲ್ಲಿಯದೇ, ಗಟ್ಟಿ, ಕಠಿಣ ಅಂತ ಅರ್ಥ. ಸೂಪರ್ ಎಲ್ಲಿಯದು ಅಂತ ಹೇಳಬೇಕಾಗಿಲ್ಲ. ಮಸಾಲೆ ದೋಸೆಗೂ ಸೂಪರ್, ಮಹಾಕಾವ್ಯಕ್ಕೂ ಸೂಪರ್. 'ಭಳಿರೇ' ಅನ್ನುವವರು ಯಕ್ಷಗಾನದ ರಂಗಸ್ಥಳದಲ್ಲಿ ಉಳಿದಿದ್ದಾರೆ, ಅದೂ ಬೆಳಗಾಗುವ ತನಕ. 'ಎಲಾ ಕುನ್ನಿ' ಅಂದರೆ ಸಿನಿಮಾದ ಖಳನಟ ವಜ್ರಮುನಿ ಕಣ್ಣೆದುರು ಬಂದು ನಿಲ್ಲುತ್ತಾರೆ, ಆದರೆ ಅದನ್ನು ಹೊಗಳಿಕೆಯ ಪಟ್ಟಿಗೆ ಸೇರಿಸಲಾಗದು. ಮೆಚ್ಚುವ ಮಾತು ಹೀಗೆ ಬೇಗ ಸವೆಯುವುದೇಕೆ? ಬಳಸಿ ಬಳಸಿ ಸವೆದವೆಂದರೆ ನಂಬುವುದು ಕಷ್ಟ. ನಾವು ಅಷ್ಟೆಲ್ಲಾ ಯಾರನ್ನು ಮೆಚ್ಚಿದ್ದೇವೆ?

ಬರವಣಿಗೆಗೆ ಬಂದರೆ ಪಾಡು ಬೇರೆ. ಬಾಯಲ್ಲಿ ಅಯ್ಯೋ ಅಂದರೆ ಯಾವ ಅಯ್ಯೋ ಅನ್ನುವುದನ್ನು ದನಿ, ಹುಬ್ಬು, ಕತ್ತು ಸೇರಿ ಹೇಳಿಬಿಡುತ್ತವೆ. ಕಾಗದದ ಮೇಲೆ ಕತ್ತಿಲ್ಲ. ತಾಳೆಗರಿಯ ಕವಿಗಳಿಗೆ ಆಶ್ಚರ್ಯಸೂಚಕ ಚಿಹ್ನೆಯೂ ಇರಲಿಲ್ಲ. ಅದು ಅಚ್ಚುಮೊಳೆಗಳ ಜೊತೆ ಬಂದ ಸರಕು. ಇಂಗ್ಲಿಷಿನ ಹಳೆಯ ಟೈಪ್‌ರೈಟರುಗಳಲ್ಲಿ ಎಷ್ಟಕ್ಕೋ ಅದರ ಕೀಲಿಯೇ ಇರಲಿಲ್ಲ. ಮೇಲೊಂದು ಗೀಟು ಹೊಡೆದು, ಒಂದು ಮನೆ ಹಿಂದಕ್ಕೆ ಬಂದು, ಕೆಳಗೊಂದು ಚುಕ್ಕಿ ಒತ್ತಬೇಕು. ಅಷ್ಟು ಹೊತ್ತಿಗೆ ಆಶ್ಚರ್ಯ ಆರಿ ತಣ್ಣಗಾಗಿರುತ್ತಿತ್ತು. ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಕಡಿವಾಣ ಆಮೇಲೆ ಸಿಕ್ಕಿಲ್ಲ.

ಈಗ ಕಡಿವಾಣ ಕಿತ್ತುಹೋಗಿದೆ. 'ಸಚಿವರ ರಾಜೀನಾಮೆ!?' ಅಂತ ತಲೆಬರಹ. ಆಶ್ಚರ್ಯಸೂಚಕ ಪತ್ರಿಕೆಯವರದು, ಪ್ರಶ್ನಾರ್ಥಕ ಅವರ ವಕೀಲರದು. ಇದಕ್ಕೆ ತದ್ವಿರುದ್ಧ ಸರ್ಕಾರಿ ಕಡತ. ಅಲ್ಲಿ ಮೇಲಿನಿಂದ ಕೆಳಗೆ ಹುಡುಕಿದರೂ ಒಂದು ಛೇ ಸಿಗುವುದಿಲ್ಲ. 'ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ' ಅಂತ ಶುರುವಾಗುವ ಹಿಂಬರಹ ಒಮ್ಮೆಯಾದರೂ 'ಅಯ್ಯೋ, ನಿಮ್ಮ ಅರ್ಜಿ ಎಲ್ಲಿ ಹೋಯ್ತೋ ಕಾಣೆವಲ್ಲಾ ಸ್ವಾಮಿ!' ಅಂತ ಶುರುವಾಗಲಿ, ಮೂರು ವರ್ಷದ ಅಲೆದಾಟವನ್ನು ನಮ್ಮ ಜನ ಅಲ್ಲೇ ಮನ್ನಿಸಿ, ಬೇಕಿದ್ದರೆ ಹೊಸ ಅರ್ಜಿಯನ್ನೂ ಕೊಟ್ಟು ಬರುತ್ತಾರೆ.

ಕಾಗದಕ್ಕೆ ಕತ್ತಿಲ್ಲವೆಂಬ ಕೊರತೆ ನೀಗಲು ಮುಖಗಳೇ ಬಂದವು. ಆಕ್ಸ್‌ಫರ್ಡ್ ನಿಘಂಟಿನವರು 2015ರ ವರ್ಷದ ಪದವೆಂದು ಆರಿಸಿದ್ದು ಪದವನ್ನೇ ಅಲ್ಲ, ನಕ್ಕು ನಕ್ಕು ಕಣ್ಣೀರು ಸುರಿಸುವ ಆ ಹಳದಿ ಮುಖವನ್ನು. ಅದನ್ನು ಕಳಿಸುತ್ತಿರುವವರ ಅಸಲು ಮುಖವನ್ನು ಮೆಟ್ರೋದಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದೀರಾ? ತುಟಿ ಒಂದೆಳೆಯೂ ಅಲುಗಿರುವುದಿಲ್ಲ. ಕಣ್ಣೀರಿನ ನಗು ಕಳಿಸಿ, ಅದೇ ಹೆಬ್ಬೆರಳಿನಿಂದ ಇನ್ನೊಂದು ಗುಂಪಿಗೆ 'ಓಂ ಶಾಂತಿ' ಹಾಕಿ, ಇಳಿಯುವ ನಿಲ್ದಾಣ ಬಂತಾ ಅಂತ ಕತ್ತೆತ್ತುತ್ತಾರೆ. ಎರಡೂ ಗುಂಪಿನವರಿಗೆ ಸಮಾಧಾನ.

ಹಾಗಾದರೆ ಇದೆಲ್ಲ ಬರೀ ನಾಟಕವೇ ಅಂತ ನೀವು ಮೂಗು ಮುರಿಯಬಹುದು. ಮುರಿಯಿರಿ, 'ಹುಂಹ್' ಅಂತ ಒಂದು ದನಿಯನ್ನೂ ಸೇರಿಸಿ, ಚೆನ್ನಾಗಿರುತ್ತದೆ. ಆದರೆ ನಮ್ಮ ಮನಸ್ಸಿನಲ್ಲಿ ಏನಿದೆ ಅನ್ನುವುದನ್ನು ಕಟ್ಟಿಕೊಂಡು ಲೋಕಕ್ಕೆ ಏನಾಗಬೇಕು? ಮಂಡಿನೋವಿನ ಕಥೆ ಹೇಳುವವರಿಗೆ ಬೇಕಾದ್ದು ಸಮಯಕ್ಕೆ ಸರಿಯಾಗಿ ಬೀಳುವ ಒಂದು ಅಯ್ಯೋ. ಅದು ಹೊಟ್ಟೆಯೊಳಗಿಂದ ಬಂತೋ ನಾಲಿಗೆಯ ತುದಿಯಿಂದ ಬಂತೋ ಅಂತ ಒರೆಗೆ ಹಚ್ಚಿ ನೋಡುವವರು ಯಾರೂ ಇಲ್ಲ. ಒಳಗೆ ನಿಜವಾದ ಮರುಕ ಹುಟ್ಟಲಿ, ಆಮೇಲೆ ಅಯ್ಯೋ ಅಂದರಾಯಿತು ಅಂತ ಬಾಯಿ ಬಿಗಿದು ಕೂರುವ ಪ್ರಾಮಾಣಿಕರೂ ಇದ್ದಾರೆ. ಅವರ ಮನೆಗೆ ಎರಡನೆಯ ಸಲ ಯಾರೂ ಹೋಗುವುದಿಲ್ಲ.